ಬರವಣಿಗೆ ಕಮ್ಮಟ ನಡೆಸುವುದು ಹೇಗೆ: ಸಣ್ಣ ಉದ್ದಿಮೆದಾರರಿಗೂ ಹೊಸ ಬರಹಗಾರರಿಗೂ ಒಂದೇ ಸೂರಿನಡಿ

ಬರವಣಿಗೆ ಕಮ್ಮಟ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಕಲಿಸುವವರು ಮಾತಾಡುತ್ತಾರೆ, ಬಂದವರು ಕೇಳುತ್ತಾರೆ. ಎರಡು ಗಂಟೆ ಮುಗಿದಾಗ ಶಿಬಿರಾರ್ಥಿಯ ನೋಟ್‌ಬುಕ್ ತುಂಬ ಕಲಿಸುವವರ ಮಾತೇ ಇರುತ್ತದೆ, ಅವರ ಸ್ವಂತದ್ದು ಒಂದು ಸಾಲೂ ಇರುವುದಿಲ್ಲ. ಅದಕ್ಕೇ ಯೋಜನೆ ಹಾಕುವಾಗ ಮೊದಲು ಬರೆದುಕೊಳ್ಳಬೇಕಾದ ನಿಯಮ ಇದು: 120 ನಿಮಿಷದ ತರಗತಿಯಲ್ಲಿ ನಿಮ್ಮ ಮಾತು 20 ನಿಮಿಷ ದಾಟಬಾರದು. ಉಳಿದದ್ದೆಲ್ಲ ಅವರು ಬರೆಯಲಿಕ್ಕೆ, ಓದಲಿಕ್ಕೆ, ಒಬ್ಬರದ್ದನ್ನೊಬ್ಬರು ಕೇಳಿಸಿಕೊಳ್ಳಲಿಕ್ಕೆ. ಮುಂದೆ ಹೇಳುವುದೆಲ್ಲ ಈ ಲೆಕ್ಕವನ್ನು ಉಳಿಸಿಕೊಳ್ಳುವ ದಾರಿಗಳೇ.

ಕೈಯಲ್ಲಿ ಏನು ಹಿಡಿದು ಮನೆಗೆ ಹೋಗಬೇಕು?

‘ಬರವಣಿಗೆಯ ಕೌಶಲ ಹೆಚ್ಚಿಸುವುದು’ ಎಂದು ಕರಪತ್ರದಲ್ಲಿ ಹಾಕಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಕೊನೆಯ ದಿನ ಅವರ ಕೈಯಲ್ಲಿ ಯಾವ ಕಾಗದ ಇರುತ್ತದೆ ಅನ್ನುವುದನ್ನು ಹೇಳಿ. ಸಣ್ಣ ಉದ್ದಿಮೆ ನಡೆಸುವವರಿಗೆ ಮೂರು ಬರಹ ಸಾಕು: ತಮ್ಮ ಕೆಲಸದ ಬಗ್ಗೆ 100 ಪದಗಳ ಪರಿಚಯ, ಒಂದು ವಸ್ತು ಅಥವಾ ಸೇವೆಯ ವಿವರಣೆ, ಬಾಕಿ ಹಣ ಕೇಳುವ ಒಂದು ಪತ್ರ. ಕಥೆ, ಪ್ರಬಂಧ ಬರೆಯಲು ಬಂದವರಿಗೆ ಒಂದೇ ಬರಹ, ಸಾವಿರ ಪದದ ಆಸುಪಾಸು, ಆದರೆ ಎರಡು ಸಲ ತಿದ್ದಿದ್ದು. ಕಾದಂಬರಿಯ ಕನಸು ಹೊತ್ತು ಬಂದವರಿಗೂ ಇದೇ ಮಿತಿ ಹಾಕಿ. ತಿದ್ದುವುದನ್ನು ಕಲಿಯಬೇಕಾದರೆ ಇಡೀ ಬರಹ ಒಂದೇ ನೋಟಕ್ಕೆ ಸಿಗುವಷ್ಟು ಚಿಕ್ಕದಿರಬೇಕು.

ಇವರಿಬ್ಬರನ್ನೂ ಒಟ್ಟಿಗೆ ಕೂರಿಸಬಹುದೇ ಎಂದು ಹಲವರು ಹಿಂಜರಿಯುತ್ತಾರೆ. ಕೂರಿಸಬಹುದು, ಕೂರಿಸಬೇಕು ಅನ್ನುವುದೇ ನಮ್ಮ ಅಭಿಪ್ರಾಯ. ವ್ಯಾಪಾರಸ್ಥರಿಗೆ ಎದುರಿಗಿರುವ ಗಿರಾಕಿಯ ಮುಖ ಗೊತ್ತಿರುತ್ತದೆ, ಹಾಗಾಗಿ ಕಥೆ ಕೇಳುವಾಗಲೂ ‘ಇಲ್ಲಿ ನನ್ನ ಗಮನ ತಪ್ಪಿತು’ ಎಂದು ನೇರವಾಗಿ ಹೇಳುತ್ತಾರೆ. ಕಥೆ ಬರೆಯುವವರು ವಸ್ತುವಿನ ವಿವರಣೆ ಕೇಳಿ ‘ಅದನ್ನು ಮುಟ್ಟಿದರೆ ಹೇಗಿರುತ್ತದೆ? ಯಾರು ಕೊಳ್ಳುತ್ತಾರೆ, ಯಾವಾಗ?’ ಎಂದು ವ್ಯಾಪಾರಸ್ಥರಿಗೆ ಹೊಳೆಯದ ಪ್ರಶ್ನೆ ಹಾಕುತ್ತಾರೆ. ಪಾಠ ಒಂದೇ ಇರಲಿ, ಅಭ್ಯಾಸ ಮಾತ್ರ ಬೇರೆಬೇರೆ ಕೊಡಿ. ಆದರೆ ಯಾವ ಗುಂಪಿನವರೂ ನಾಲ್ವರಿಗಿಂತ ಕಡಿಮೆ ಇರಬಾರದು. ಹನ್ನೊಂದು ವ್ಯಾಪಾರಸ್ಥರ ನಡುವೆ ಒಬ್ಬರೇ ಕತೆಗಾರರಿದ್ದರೆ, ‘ಇದರಿಂದ ಏನು ಲಾಭ’ ಅನ್ನುವ ಕಿವಿಗಳಿಗೇ ಅವರ ಕಥೆ ಪ್ರತಿ ಸಲ ಬೀಳುತ್ತದೆ. ಮೂರನೇ ವಾರಕ್ಕೆ ಅವರು ಬರುವುದು ನಿಲ್ಲಿಸುತ್ತಾರೆ.

ಹನ್ನೆರಡು ಜನ, ಎಂಟು ತರಗತಿ

ಜನ ಎಷ್ಟಿರಬೇಕು ಅನ್ನುವುದು ಗಡಿಯಾರದ ಲೆಕ್ಕ. ಒಬ್ಬರು ಓದಲು 3 ನಿಮಿಷ, ಅದರ ಬಗ್ಗೆ ಮಾತಿಗೆ 7 ನಿಮಿಷ, ಒಟ್ಟು 10. ಒಂದು ತರಗತಿಯಲ್ಲಿ ಇದಕ್ಕೆ ಸಿಗುವುದು ಒಂದು ಗಂಟೆ. ಅಂದರೆ ಆರು ಜನ. ಹನ್ನೆರಡು ಜನರಿದ್ದರೆ ಒಬ್ಬರ ಸರದಿ ಎರಡು ವಾರಕ್ಕೊಮ್ಮೆ. ಎಂಟು ತರಗತಿ ಇಟ್ಟುಕೊಂಡು, ಮೊದಲ ದಿನ ಯಾರ ಬರಹವನ್ನೂ ಚರ್ಚೆಗೆ ಇಡದೆ, ಕೊನೆಯ ದಿನವನ್ನು ವಾಚನಕ್ಕೆ ಬಿಟ್ಟರೆ, ನಡುವಿನ ಆರು ತರಗತಿಗಳಲ್ಲಿ ಪ್ರತಿಯೊಬ್ಬರಿಗೂ ಮೂರು ಸರದಿ ಬರುತ್ತದೆ: ಮೊದಲ ಕರಡು, ತಿದ್ದಿದ ಕರಡು, ಮುಗಿದ ಬರಹ. ಇಪ್ಪತ್ತು ಜನರನ್ನು ಸೇರಿಸಿಕೊಂಡರೆ ಎರಡು ಸರದಿಯೂ ಎಲ್ಲರಿಗೂ ಸಿಗುವುದಿಲ್ಲ, ತಿದ್ದಿ ತಂದದ್ದನ್ನು ಕೇಳುವವರೇ ಇಲ್ಲವಾಗುತ್ತದೆ. ಒಂದೇ ದಿನದ ಕಮ್ಮಟದಲ್ಲಂತೂ ಮನೆಗೆ ಹೋಗಿ ತಿದ್ದಿ ತರುವ ಅವಕಾಶವೇ ಇಲ್ಲ. ಒಂದೇ ದಿನ ಸಾಧ್ಯ ಅನ್ನುವುದಾದರೆ ಒಂದೇ ಬರಹ ಇಟ್ಟುಕೊಳ್ಳಿ, ಅದನ್ನು ಬೆಳಗ್ಗೆ ಬರೆಸಿ ಮಧ್ಯಾಹ್ನ ತಿದ್ದಿಸಿ.

ನಮೂನೆಯಾಗಿ ಒಂದು ತರಗತಿ ಹೀಗಿರಲಿ:

ಮೊದಲ 10 ನಿಮಿಷ: ಬಂದು ಕೂತ ಕೂಡಲೇ ಬರೆಯುವುದು. ಪೆನ್ನು ನಿಲ್ಲಬಾರದು, ಹಿಂದೆ ಹೋಗಿ ತಿದ್ದಬಾರದು. ಏನೂ ತೋಚದಿದ್ದರೆ ‘ಏನೂ ತೋಚುತ್ತಿಲ್ಲ’ ಎಂದೇ ಬರೆಯುತ್ತ ಹೋಗಲಿ. ಇದನ್ನು ಯಾರೂ ಓದಿ ತೋರಿಸಬೇಕಿಲ್ಲ.
10ರಿಂದ 25: ಒಂದೇ ಒಂದು ಪಾಠಾಂಶ, ಒಂದು ಮಾದರಿಯೊಂದಿಗೆ.
25ರಿಂದ 50: ಅದೇ ಅಂಶದ ಮೇಲೆ ಬರೆಯುವುದು. ನೀವೂ ಬರೆಯಿರಿ, ಸುತ್ತಾಡಿ ಹೆಗಲ ಮೇಲಿಂದ ಇಣುಕಬೇಡಿ.
50ರಿಂದ 55: ಬಿಡುವು.
55ರಿಂದ 115: ಆರು ಜನರ ಸರದಿ.
ಕೊನೆಯ 5: ಮನೆಗೆಲಸ. ಹಲಗೆಯ ಮೇಲೆ ಬರೆದೇ ಕೊಡಿ, ಬರೀ ಬಾಯಲ್ಲಿ ಹೇಳಿದ್ದು ಮನೆ ತಲುಪುವುದಿಲ್ಲ.

ತಡವಾಗಿ ಬರುವವರಿಗೆ ಕಾಯುವುದು ಬೇಡ. ಆ ಮೊದಲ ಹತ್ತು ನಿಮಿಷ ಇರುವುದೇ ಅದಕ್ಕಾಗಿ. ಬಂದವರು ಬರೆಯುತ್ತಿರುತ್ತಾರೆ, ತಡವಾದವರು ಸದ್ದಿಲ್ಲದೆ ಬಂದು ಕೂರುತ್ತಾರೆ.

ಸೇರುವ ಮುಂಚೆ ಪ್ರತಿಯೊಬ್ಬರಿಂದ 150 ಪದದ ಒಂದು ಬರಹ ತರಿಸಿಕೊಳ್ಳಿ. ಅದು ಆಯ್ಕೆಗಲ್ಲ, ಯಾರು ಎಲ್ಲಿದ್ದಾರೆ ಎಂದು ತಿಳಿಯಲು. ಬೆರಳಚ್ಚಿನ ತೊಂದರೆಗಳೂ ಆಗಲೇ ಗೊತ್ತಾಗುತ್ತವೆ. ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕನ್ನಡ ಬೇರೆ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ತೆರೆದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಎಲ್ಲ ಕಂಪ್ಯೂಟರು, ಮೊಬೈಲುಗಳಿಗೂ ಒಂದೇ ಆದ ಅಕ್ಷರ ಸಂಕೇತ ಯೂನಿಕೋಡ್‌ನಲ್ಲೇ ಕಳುಹಿಸಿ ಎಂದು ಮೊದಲೇ ಹೇಳಿ, ಆಗದವರು ಕೈಬರಹದ ಫೋಟೋ ಕಳುಹಿಸಲಿ. ಶುಲ್ಕವನ್ನು ಎಷ್ಟೇ ಇಡಿ, ಮೊದಲ ತರಗತಿಗೆ ಮುಂಚೆಯೇ ಪಡೆಯಿರಿ. ದಿನದ ಲೆಕ್ಕದಲ್ಲಿ ತೆಗೆದುಕೊಂಡರೆ, ಮನೆಗೆಲಸ ಮಾಡದ ವಾರ ಜನ ತಪ್ಪಿಸಿಕೊಳ್ಳುವುದು ಸುಲಭವಾಗುತ್ತದೆ.

ಹೆಸರು ಮುಚ್ಚಿ ಓದಿ

ಮೊದಲ ಪಾಠ ಯಾವುದಾಗಬೇಕು ಎಂದು ಕೇಳಿದರೆ ಉತ್ತರ ಒಂದೇ: ಯಾರು ಬೇಕಾದರೂ ಹೇಳಬಹುದಾದ ಮಾತನ್ನು ಹೊಡೆದುಹಾಕುವುದು. ವ್ಯಾಪಾರಸ್ಥರಿಗೂ ಕತೆಗಾರರಿಗೂ ಇದು ಒಂದೇ ಪಾಠ.

ಬಟ್ಟೆಯ ಚೀಲ ಹೊಲಿದು ಮಾರುವವರೊಬ್ಬರು ಹೀಗೆ ಬರೆದು ತರುತ್ತಾರೆ ಅಂದುಕೊಳ್ಳಿ:

‘ನಮ್ಮಲ್ಲಿ ಉತ್ತಮ ಗುಣಮಟ್ಟದ, ಆಕರ್ಷಕ ವಿನ್ಯಾಸದ ಚೀಲಗಳು ಕೈಗೆಟಕುವ ದರದಲ್ಲಿ ಲಭ್ಯವಿವೆ. ಗ್ರಾಹಕರ ತೃಪ್ತಿಯೇ ನಮ್ಮ ಗುರಿ.’

ಅಂಗಡಿಯ ಹೆಸರಿನ ಮೇಲೆ ಬೆರಳಿಟ್ಟು ಮುಚ್ಚಿ ಇದನ್ನು ಓದಿಸಿ. ‘ಚೀಲ’ ತೆಗೆದು ‘ಚಪ್ಪಲಿ’ ಹಾಕಿದರೂ ನಡೆಯುತ್ತದೆ, ಎದುರು ಅಂಗಡಿಯವರು ಹಾಕಿಕೊಂಡರೂ ನಡೆಯುತ್ತದೆ. ಹಾಗೆ ನಡೆಯುವ ಪ್ರತಿ ಪದದ ಮೇಲೂ ಗೆರೆ ಎಳೆಸಿ. ಉಳಿಯುವುದು ‘ಚೀಲಗಳು’ ಒಂದೇ. ಈ ಕ್ಷಣದಲ್ಲಿ ಬರೆದವರ ಮುಖ ಸಪ್ಪಗಾಗುತ್ತದೆ, ಅವರನ್ನು ಅಲ್ಲಿಗೇ ಬಿಡಬೇಡಿ. ಆ ಚೀಲವನ್ನೇ ಮೇಜಿನ ಮೇಲೆ ಇಡಲು ಹೇಳಿ. ಪಕ್ಕದವರು ಅದನ್ನು ಎತ್ತಿ, ತಿರುವಿ, ಒಳಗೆ ಕೈ ಹಾಕಿ ಪ್ರಶ್ನೆ ಕೇಳಲಿ. ಬಟ್ಟೆ ಎಷ್ಟು ಪದರ? ಹಿಡಿಕೆಗೆ ಹೊಲಿಗೆ ಎಷ್ಟು ಸಾಲು? ಎಷ್ಟು ಭಾರ ಹಾಕಿ ನೋಡಿದ್ದೀರಿ? ಒಗೆದರೆ ಬಣ್ಣ ಬಿಡುತ್ತದೆಯೇ? ವಾಪಸ್ ತಂದವರು ಏನು ದೂರು ಹೇಳಿದರು? ಉತ್ತರಗಳನ್ನು ಇನ್ನೊಬ್ಬರು ಹೇಳಿದ ಹಾಗೇ ಗುರುತು ಹಾಕಿಕೊಳ್ಳಲಿ. ಹತ್ತು ನಿಮಿಷದಲ್ಲಿ ಹಾಳೆಯ ಮೇಲೆ ಇಂಥದ್ದು ಇರುತ್ತದೆ:

‘ಎರಡು ಪದರ ದಪ್ಪ ಬಟ್ಟೆ. ಹಿಡಿಕೆಗೆ ನಾಲ್ಕು ಸಾಲು ಹೊಲಿಗೆ, ಐದು ಕಿಲೋ ಹೊತ್ತರೂ ಕೀಳುವುದಿಲ್ಲ. ಒಳಗೊಂದು ಚಿಕ್ಕ ಜೇಬು, ಬೀಗದಕೈ ಹುಡುಕಾಡಬೇಕಿಲ್ಲ. ಮೊದಲ ಸಲ ಬೇರೆಯಾಗಿ ಒಗೆಯಿರಿ, ಸ್ವಲ್ಪ ಬಣ್ಣ ಬಿಡುತ್ತದೆ.’

ಕೊನೆಯ ಸಾಲನ್ನು ತೆಗೆಯೋಣವೇ ಎಂದು ಬರೆದವರು ಕೇಳಿಯೇ ಕೇಳುತ್ತಾರೆ. ಬೇಡ. ಕೊರತೆಯನ್ನು ತಾವಾಗಿ ಹೇಳಿದವರ ಉಳಿದ ಮಾತನ್ನು ಗಿರಾಕಿ ನಂಬುತ್ತಾರೆ, ದೂರೂ ಕಡಿಮೆಯಾಗುತ್ತದೆ. ಆದರೆ ‘ಐದು ಕಿಲೋ’ ಎಂದು ಬರೆಯಬೇಕಾದರೆ ಐದು ಕಿಲೋ ಹಾಕಿ ನೋಡಿರಲೇಬೇಕು. ಪರೀಕ್ಷಿಸದ ಅಂಕಿ ಬರಹಕ್ಕೆ ಎಷ್ಟೇ ಕಳೆ ಕೊಟ್ಟರೂ ಅದು ಸುಳ್ಳೇ.

ಕತೆಗಾರರ ಕಡೆ ಇದೇ ರೋಗಕ್ಕೆ ಬೇರೆ ಹೆಸರು. ‘ತಂದೆಯ ಸಾವಿನಿಂದ ಅವನಿಗೆ ಅಪಾರ ದುಃಖವಾಯಿತು.’ ಯಾವ ಕಥೆಯ ಯಾವ ಮಗನಿಗೂ ಇದು ಹೊಂದುತ್ತದೆ. ಇಲ್ಲಿಯೂ ಪ್ರಶ್ನೆಗಳೇ ಉಪಾಯ: ಮರುದಿನ ಬೆಳಗ್ಗೆ ಅವನು ಮಾಡಿದ ಮೊದಲ ಕೆಲಸ ಯಾವುದು? ಕೈಯಲ್ಲಿ ಏನಿತ್ತು? ಯಾರಿಗೂ ತಿಳಿಯದ ಹಾಗೆ ಏನು ಮಾಡಿದ? ಉತ್ತರ ಹೀಗೆ ಬರಬಹುದು: ‘ಮೊಬೈಲಿನಲ್ಲಿ ಅಪ್ಪನ ನಂಬರ್ ಅಳಿಸಲು ಹೋದವನು, ಅಳಿಸದೆ ಅದಕ್ಕೆ ಒಂದು ತಿಂಗಳ ರೀಚಾರ್ಜ್ ಮಾಡಿಸಿದ.’ ದುಃಖ ಅನ್ನುವ ಪದ ಈಗ ಬೇಕಿಲ್ಲ. ಈ ಅಭ್ಯಾಸ ಹಿಡಿಸಿದವರು ಮುಂದಿನ ವಾರ ಒಂದೇ ಪ್ಯಾರಾದಲ್ಲಿ ಹತ್ತು ವಿವರ ತುರುಕಿ ತರುತ್ತಾರೆ, ಅದೂ ನಿರೀಕ್ಷಿತವೇ. ಆಗ ‘ಒಂದನ್ನು ಉಳಿಸಿಕೊಂಡು ಒಂಬತ್ತು ಹೊಡೆಯಿರಿ’ ಅನ್ನುವುದೇ ಆ ವಾರದ ಪಾಠವಾಗಲಿ.

‘ಹೊಂದಿದೆ’, ‘ಮಾಡಲಾಗುವುದು’

ಎದುರಿಗೆ ಕೂತು ಮಾತಾಡುವಾಗ ಎಷ್ಟು ಚೆನ್ನಾಗಿ ವಿವರಿಸುತ್ತಾರೋ, ಪೆನ್ನು ಹಿಡಿದ ಕೂಡಲೇ ಅದೇ ಜನರ ಕನ್ನಡ ಸರ್ಕಾರಿ ಸುತ್ತೋಲೆಯಂತಾಗುತ್ತದೆ. ಇದು ಅವರ ತಪ್ಪಲ್ಲ, ‘ಬರೆಯುವ ಕನ್ನಡ’ ಅಂದರೆ ಅದೇ ಎಂದು ಶಾಲೆಯಿಂದಲೂ ಕಣ್ಣಿಗೆ ಬಿದ್ದಿದೆ. ಒಂದಿಡೀ ತರಗತಿಯನ್ನು ಇದಕ್ಕೆ ಮೀಸಲಿಡಿ. ಹಲಗೆಯ ಎಡಕ್ಕೆ ಅವರ ಬರಹದಿಂದಲೇ ಹೆಕ್ಕಿದ ಸಾಲು ಬರೆದು ‘ಇದನ್ನು ಗಿರಾಕಿಗೆ ಬಾಯಲ್ಲಿ ಹೇಗೆ ಹೇಳುತ್ತೀರಿ?’ ಎಂದು ಕೇಳಿ, ಬಂದ ಉತ್ತರವನ್ನು ಬಲಕ್ಕೆ ಬರೆಯಿರಿ.

‘ಈ ಚೀಲವು ಮೂರು ಜೇಬುಗಳನ್ನು ಹೊಂದಿದೆ’ ಅನ್ನುವುದು ‘ಈ ಚೀಲಕ್ಕೆ ಮೂರು ಜೇಬು’ ಆಗುತ್ತದೆ. ‘ದುರಸ್ತಿ ಕಾರ್ಯವನ್ನು ತ್ವರಿತವಾಗಿ ಮಾಡಿಕೊಡಲಾಗುವುದು’ ಅನ್ನುವುದು ‘ಬೆಳಗ್ಗೆ ಕೊಟ್ಟರೆ ಸಂಜೆ ಆರರೊಳಗೆ ರಿಪೇರಿ ಮಾಡಿಕೊಡುತ್ತೇವೆ’ ಆಗುತ್ತದೆ. ಗಮನಿಸಿ, ‘ಲಾಗುವುದು’ ಹೋದ ಕೂಡಲೇ ಯಾರು, ಯಾವಾಗ ಅನ್ನುವುದೆರಡೂ ತಾವಾಗಿಯೇ ಒಳಗೆ ಬಂದವು. ಮಾಡುವವರು ಯಾರೆಂದು ಹೇಳದೆ ತಪ್ಪಿಸಿಕೊಳ್ಳಲು ಆ ರೂಪದಲ್ಲಿ ಜಾಗವಿದೆ, ಅದಕ್ಕೇ ಓದುವವರಿಗೆ ಅದರ ಮೇಲೆ ಭರವಸೆ ಹುಟ್ಟುವುದಿಲ್ಲ. ಕಥೆಗಳಲ್ಲಿ ‘ಅವಳು ಉದ್ದನೆಯ ಕೂದಲನ್ನು ಹೊಂದಿದ್ದಳು’ ಎಂದು ಬರುವುದೂ ಇದೇ ಜಾಡು. ಕನ್ನಡದಲ್ಲಿ ಕೂದಲನ್ನು ಯಾರೂ ಹೊಂದುವುದಿಲ್ಲ, ಅವಳಿಗೆ ಉದ್ದ ಕೂದಲಿರುತ್ತದೆ.

ಪರೀಕ್ಷೆ ಸರಳ. ಜೋರಾಗಿ ಓದಲಿ. ನಾಲಿಗೆ ತೊಡರಿದ ಕಡೆ, ಉಸಿರು ಸಾಲದ ಕಡೆ ಪೆನ್ಸಿಲಿನಲ್ಲಿ ಗುರುತು. ಅದಕ್ಕಿಂತ ಒಳ್ಳೆಯದು, ಬರೆದವರ ಬದಲು ಪಕ್ಕದವರು ಓದುವುದು. ಬರೆದವರು ತಮ್ಮ ತಪ್ಪನ್ನು ದನಿಯಲ್ಲೇ ತಿದ್ದಿ ಓದಿಬಿಡುತ್ತಾರೆ, ಪಕ್ಕದವರು ಹಾಳೆಯಲ್ಲಿ ಇದ್ದದ್ದನ್ನೇ ಓದುತ್ತಾರೆ.

ಹಣ ಕೇಳುವ ಪತ್ರ, ಮೊಬೈಲಿನ ಸಂದೇಶ

ಬಾಕಿ ಕೇಳುವ ಪತ್ರದಲ್ಲಿ ಎರಡು ತಪ್ಪು ಪದೇ ಪದೇ ಕಾಣುತ್ತವೆ. ಒಂದು, ಸಂಕೋಚದಿಂದ ಮೂರು ಪ್ಯಾರಾ ಕುಶಲ ವಿಚಾರಿಸಿ ಹಣದ ಮಾತನ್ನು ಕೊನೆಯಲ್ಲಿ ಅಡಗಿಸುವುದು. ಇನ್ನೊಂದು, ಮೊದಲ ಪತ್ರದಲ್ಲೇ ಕೋಪ ತೋರಿಸುವುದು. ಎರಡಕ್ಕೂ ಮದ್ದು ಐದು ವಿಷಯಗಳನ್ನು ನೇರವಾಗಿ ಬರೆಯುವುದು: ಯಾವ ಬಿಲ್ಲು, ಯಾವ ದಿನದ್ದು, ಎಷ್ಟು ಬಾಕಿ, ಯಾವ ದಿನದೊಳಗೆ ಬೇಕು, ಹೇಗೆ ಕಟ್ಟಬಹುದು.

‘ನಮಸ್ಕಾರ. ಜೂನ್ 3ರ 214ನೇ ಬಿಲ್ಲಿನ ಹಣ ಇನ್ನೂ ನಮಗೆ ಬಂದಿಲ್ಲ. ಬಾಕಿ ಮೊತ್ತ ಮತ್ತು ಖಾತೆಯ ವಿವರ ಕೆಳಗಿದೆ. ಇದೇ 20ರೊಳಗೆ ಕಳುಹಿಸಿಕೊಡಿ. ಈಗಾಗಲೇ ಕಟ್ಟಿದ್ದರೆ ರಸೀದಿಯ ಫೋಟೋ ಕಳುಹಿಸಿ, ನಾವು ಲೆಕ್ಕ ಸರಿಮಾಡಿಕೊಳ್ಳುತ್ತೇವೆ.’

ಕೊನೆಯ ವಾಕ್ಯದಿಂದ ಇಬ್ಬರ ಮರ್ಯಾದೆಯೂ ಉಳಿಯುತ್ತದೆ. ಹಣ ಕಟ್ಟಿದವರಿಗೆ ನೋವಾಗುವುದಿಲ್ಲ, ಕಟ್ಟದವರಿಗೆ ನೆಪ ಸಿಗುವುದಿಲ್ಲ. ‘ಆದಷ್ಟು ಬೇಗ’ ಎಂದು ಬರೆದು ತಂದವರಿಗೆ ಮಾತ್ರ ವಾಪಸ್ ಕೊಡಿ, ಆದಷ್ಟು ಬೇಗ ಅನ್ನುವ ತಾರೀಖು ಯಾವ ಕ್ಯಾಲೆಂಡರಿನಲ್ಲೂ ಇಲ್ಲ.

ಎಸ್‌ಎಂಎಸ್ ಕಳುಹಿಸುವವರಿಗೆ ಒಂದು ಲೆಕ್ಕ ಹೇಳಿಕೊಡಲೇಬೇಕು. ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿಸಿದರೆ, ಕನ್ನಡ ಲಿಪಿಯಲ್ಲಿ 70 ಮಾತ್ರ. ಅದನ್ನು ಮೀರಿದರೆ 67ರ ತುಂಡುಗಳಾಗಿ ಒಡೆದು ಪ್ರತಿ ತುಂಡೂ ಒಂದು ಸಂದೇಶವಾಗಿ ಲೆಕ್ಕಕ್ಕೆ ಬರುತ್ತದೆ. ಸಾಲದ್ದಕ್ಕೆ ಕಣ್ಣಿಗೆ ಕಾಣುವ ಒಂದು ಅಕ್ಷರ ಯಂತ್ರಕ್ಕೆ ಒಂದಲ್ಲ. ‘ಸ್ತ್ರೀ’ ನಮಗೆ ಒಂದು ಅಕ್ಷರ, ಯಂತ್ರಕ್ಕೆ ಆರು: ಸ, ಅರ್ಧಾಕ್ಷರದ ಗುರುತು, ತ, ಮತ್ತೆ ಆ ಗುರುತು, ರ, ದೀರ್ಘ ಈಕಾರ. ‘ನಿಮ್ಮ ಚೀಲ ಸಿದ್ಧವಾಗಿದೆ.’ ಅನ್ನುವ ಮೂರು ಪದದ ವಾಕ್ಯಕ್ಕೆ ಜಾಗಗಳೂ ಚುಕ್ಕಿಯೂ ಸೇರಿ 22 ಖರ್ಚು. ಹೀಗೆ ಎಣಿಸಿ ಬರೆಯುವ ಅಭ್ಯಾಸ ಕೊಟ್ಟರೆ ‘ಮಾನ್ಯ ಗ್ರಾಹಕರೇ, ತಮ್ಮ ಗಮನಕ್ಕೆ ತರಬಯಸುವುದೇನೆಂದರೆ’ ತಾನಾಗಿಯೇ ಉದುರಿಹೋಗುತ್ತದೆ. ಕತೆಗಾರರಿಗೂ ಇದೇ 70ರ ಮಿತಿ ಕೊಟ್ಟು ಒಂದು ದೃಶ್ಯ ಬರೆಸಿ, ತುಂಬ ಖುಷಿಯಿಂದ ಮಾಡುತ್ತಾರೆ.

ಏಳು ನಿಮಿಷದ ಮಾತು

ಕಮ್ಮಟ ಉಳಿಯುವುದೂ ಮುರಿಯುವುದೂ ಇಲ್ಲೇ. ಅಮೆರಿಕದ ಐಯೋವಾ ವಿಶ್ವವಿದ್ಯಾಲಯದಲ್ಲಿ 1936ರಲ್ಲಿ ಶುರುವಾದ ಬರಹಗಾರರ ಕಮ್ಮಟದ ಜೊತೆ ಹೆಸರಾದ ಪದ್ಧತಿಯಲ್ಲಿ ಬರೆದವರು ಬಾಯಿ ಮುಚ್ಚಿ ಕೂರುತ್ತಾರೆ, ಉಳಿದವರು ಅವರ ಬರಹದ ಬಗ್ಗೆ ಮಾತಾಡುತ್ತಾರೆ. ಸಮರ್ಥನೆಗೆ ಇಳಿಯದೆ ಕೇಳಿಸಿಕೊಳ್ಳಬಹುದು ಅನ್ನುವುದು ಅದರ ಗುಣ. ಆದರೆ ಹೊಸಬರ ಮಟ್ಟಿಗೆ ಅದು ಭಾರ. ಒಬ್ಬರಿಗೆ ಮೊದಲ ಪ್ಯಾರಾ ಬೇಡ, ಇನ್ನೊಬ್ಬರಿಗೆ ಅದೊಂದೇ ಬೇಕು, ಹೀಗೆ ಹತ್ತು ಅಭಿಪ್ರಾಯ ಹೊತ್ತು ಮನೆಗೆ ಹೋದವರು ಆ ಬರಹವನ್ನು ಮತ್ತೆ ಮುಟ್ಟುವುದಿಲ್ಲ.

ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರ ಹೊತ್ತಿಗೆ ರೂಪಿಸಿದ ನಾಲ್ಕು ಹೆಜ್ಜೆಯ ಕ್ರಮ ಇದಕ್ಕಿಂತ ಚೆನ್ನಾಗಿ ಒದಗುತ್ತದೆ. ನೃತ್ಯಕ್ಕೆಂದು ಹುಟ್ಟಿದ್ದಾದರೂ ಬರಹಕ್ಕೂ ಸಲ್ಲುತ್ತದೆ. ಏಳು ನಿಮಿಷಕ್ಕೆ ಹೀಗೆ ಹೊಂದಿಸಿಕೊಳ್ಳಿ. ಮೊದಲ 2 ನಿಮಿಷ, ಕೇಳಿದವರಿಗೆ ಮನಸ್ಸಿನಲ್ಲಿ ಉಳಿದದ್ದು ಯಾವುದು ಎಂದಷ್ಟೇ ಹೇಳುವುದು. ಮುಂದಿನ 2 ನಿಮಿಷ, ಬರೆದವರು ತಮಗೆ ಅನುಮಾನವಿದ್ದ ಕಡೆ ಪ್ರಶ್ನೆ ಕೇಳುವುದು. ಆಮೇಲೆ 2 ನಿಮಿಷ, ಕೇಳಿದವರು ಬರೆದವರಿಗೆ ಪ್ರಶ್ನೆ ಹಾಕುವುದು, ಆದರೆ ಪ್ರಶ್ನೆಯೊಳಗೆ ತೀರ್ಪು ಇರಬಾರದು. ‘ಕೊನೆ ಯಾಕೆ ಇಷ್ಟು ಸಪ್ಪೆ?’ ಅನ್ನುವುದು ಪ್ರಶ್ನೆಯ ವೇಷದ ತೀರ್ಪು. ‘ಕೊನೆಯಲ್ಲಿ ಓದುವವರಿಗೆ ಏನು ಅನ್ನಿಸಬೇಕು ಅಂದುಕೊಂಡಿರಿ?’ ಅನ್ನುವುದು ಪ್ರಶ್ನೆ. ಉಳಿದ ಒಂದು ನಿಮಿಷದಲ್ಲಿ ಅಭಿಪ್ರಾಯ, ಅದೂ ಒಪ್ಪಿಗೆ ಕೇಳಿಯೇ: ‘ಕೊನೆಯ ಬಗ್ಗೆ ನನಗೊಂದು ಅಭಿಪ್ರಾಯವಿದೆ, ಹೇಳಲೇ?’ ಬೇಡ ಅನ್ನುವ ಹಕ್ಕು ಬರೆದವರದ್ದು.

ವ್ಯಾಪಾರದ ಬರಹಕ್ಕೆ ಇನ್ನೂ ಒಂದು ಪ್ರಶ್ನೆ ಸೇರಿಸಿ: ‘ಇದನ್ನು ಓದಿ ಈಗ ನೀವು ಏನು ಮಾಡುತ್ತೀರಿ?’ ಫೋನ್ ಮಾಡುತ್ತೇನೆ, ಬೆಲೆ ಕೇಳುತ್ತೇನೆ, ಸುಮ್ಮನಾಗುತ್ತೇನೆ. ‘ಬೆಲೆ ಕೇಳುತ್ತೇನೆ’ ಎಂದು ನಾಲ್ಕು ಜನ ಹೇಳಿದರೆ ಬರಹದಲ್ಲಿ ಬೆಲೆ ಇಲ್ಲ ಎಂದು ಬರೆದವರಿಗೆ ಬೇರೆ ಯಾರೂ ಹೇಳಬೇಕಿಲ್ಲ.

ನಡೆಸುವವರು ಮಾಡುವ ದೊಡ್ಡ ತಪ್ಪು, ಮೊದಲು ತಾವೇ ಮಾತಾಡುವುದು. ನೀವು ‘ಚೆನ್ನಾಗಿದೆ’ ಅಂದರೆ ಉಳಿದ ಹನ್ನೊಂದು ಜನರಿಗೂ ಚೆನ್ನಾಗಿಯೇ ಕಾಣುತ್ತದೆ. ಕೊನೆಗೆ ಮಾತಾಡಿ, ಒಂದೇ ಅಂಶ ಹೇಳಿ. ‘ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ’ ಎಂದು ಇಡೀ ಕಥೆಯನ್ನೇ ಬದಲಿಸಿ ಹೇಳುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ‘ಅದು ನಿಮ್ಮ ಕಥೆ, ಅದನ್ನು ಮುಂದಿನ ವಾರ ಬರೆದು ತನ್ನಿ’ ಎಂದು ಪ್ರೀತಿಯಿಂದಲೇ ಹೇಳಿ. ಯಾರಾದರೂ ತಮ್ಮ ಬದುಕಿನ ಗಾಯವನ್ನೇ ಬರೆದು ತಂದಾಗ ಮಾತು ಬರಹದಿಂದ ಬದುಕಿಗೆ ಜಾರುತ್ತದೆ. ಆಗ ಬರೆದವರನ್ನು ‘ನೀವು’ ಎಂದು ಕರೆಯದೆ ‘ಈ ಕಥೆಯ ಮಗಳು’, ‘ಇಲ್ಲಿ ಹೇಳುತ್ತಿರುವವರು’ ಎಂದೇ ಮಾತಾಡುವ ನಿಯಮ ಇರಲಿ. ಓದುತ್ತ ಗಂಟಲು ಕಟ್ಟಿದರೆ ನಿಲ್ಲಿಸಬಹುದು ಎಂದು ಮೊದಲ ದಿನವೇ ತಿಳಿಸಿರಿ.

ಕೋಣೆಯಲ್ಲಿ ಓದಿದ್ದು ಕೋಣೆಯಲ್ಲೇ ಇರಬೇಕು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೇರೆಯವರ ಬರಹ ಹಂಚುವಂತಿಲ್ಲ. ಕಮ್ಮಟದ ಹೆಸರಿನಲ್ಲಿ ಸಂಕಲನ ತರುವುದಾದರೆ ಪ್ರತಿಯೊಬ್ಬರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಬರೆದದ್ದು ಬರೆದವರ ಸ್ವತ್ತು, ಶುಲ್ಕ ಕಟ್ಟಿ ಕಲಿತ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ.

ಆನ್‌ಲೈನ್‌ನಲ್ಲಿ ನಡೆಸುವುದಾದರೆ ಎಂಟು ಜನ, 90 ನಿಮಿಷ. ಬರೆಯುವ ಹೊತ್ತಿನಲ್ಲಿ ಕ್ಯಾಮೆರಾ ಆರಿಸಲು ಬಿಡಿ, ಚರ್ಚೆಯ ಹೊತ್ತಿನಲ್ಲಿ ಬೇಡ. ಮಾತಾಡುವ ಸರದಿಯನ್ನು ಹೆಸರು ಹಿಡಿದು ಕರೆಯಿರಿ, ಇಲ್ಲವಾದರೆ ಇಬ್ಬರೇ ಮಾತಾಡುತ್ತಾರೆ.

ಮೂರನೇ ವಾರದ ಗಂಡಾಂತರ

ಮೊದಲ ಉತ್ಸಾಹ ಇಳಿದು, ತಿದ್ದುವ ಕೆಲಸ ಶುರುವಾಗುವುದು ಮೂರನೇ ವಾರದಲ್ಲಿ. ‘ಬರೆದಾಯಿತಲ್ಲ, ಮತ್ತೆ ಯಾಕೆ?’ ಅನ್ನುವ ಬೇಸರದಲ್ಲಿ ಜನ ಕಳಚಿಕೊಳ್ಳುತ್ತಾರೆ. ‘ತಿದ್ದಿ ತನ್ನಿ’ ಎಂದಷ್ಟೇ ಹೇಳಿ ಕಳಿಸಿದರೆ ಕಾಗುಣಿತ ಸರಿಮಾಡಿ ತರುತ್ತಾರೆ. ಕೆಲಸವನ್ನು ಒಡೆದು ಕೊಡಿ: ಮೊದಲ ಪ್ಯಾರಾ ತೆಗೆದು ಎರಡನೆಯದರಿಂದ ಶುರುಮಾಡಿ ನೋಡಿ, 1000 ಪದವಿದ್ದರೆ 800ಕ್ಕೆ ಇಳಿಸಿ, ‘ತುಂಬಾ’, ‘ಅತ್ಯಂತ’, ‘ಒಂದು ರೀತಿಯ’ ಇವುಗಳನ್ನು ಹುಡುಕಿ ಹೊಡೆಯಿರಿ. ಹೊಸಬರ ಬರಹಗಳಲ್ಲಿ ಮೊದಲ ಪ್ಯಾರಾ ಸಾಮಾನ್ಯವಾಗಿ ಗಂಟಲು ಸರಿಮಾಡಿಕೊಳ್ಳುವ ಕೆಮ್ಮು, ಮಾತು ಶುರುವಾಗುವುದು ಎರಡನೆಯದರಿಂದ. ಹಳೆಯ ಕರಡನ್ನು ಎಸೆಯದೆ ಹೊಸದರ ಹಿಂದೆ ಪಿನ್ನು ಹಾಕಿ ತರಲಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಆಗುವ ಸಂತೋಷ ಯಾವ ಹೊಗಳಿಕೆಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ.

ಮೊಬೈಲಿನ ಕೃತಕ ಬುದ್ಧಿಮತ್ತೆಯಿಂದ ಬರೆಸಿ ತರುವವರೂ ಇರುತ್ತಾರೆ. ಹಿಡಿದು ನಾಚಿಕೆಪಡಿಸುವುದು ಬೇಡ. ಹೆಸರು ಮುಚ್ಚಿ ಓದುವ ಪರೀಕ್ಷೆಗೆ ಅದನ್ನೂ ಇಡಿ, ಚೀಲದ ಹಿಡಿಕೆಯ ಹೊಲಿಗೆ ಎಷ್ಟು ಸಾಲು ಎಂದು ಕೇಳಿ. ಆ ಉತ್ತರ ಹೊಲಿದವರಿಗೆ ಮಾತ್ರ ಗೊತ್ತು.

ಕೊನೆಯ ದಿನದ ವಾಚನಕ್ಕೆ ಪ್ರತಿಯೊಬ್ಬರೂ ಹೊರಗಿನಿಂದ ಒಬ್ಬರನ್ನು ಕರೆತರಲಿ, ಅಕ್ಕನನ್ನೋ ಅಂಗಡಿಯ ಹುಡುಗನನ್ನೋ. ತಲಾ 5 ನಿಮಿಷ, ಚರ್ಚೆ ಇಲ್ಲ. ಅದಾದ 30ನೇ ದಿನಕ್ಕೆ ಒಂದು ಗಂಟೆಯ ಭೇಟಿಯ ತಾರೀಖನ್ನು ಅಂದೇ ನಿಗದಿ ಮಾಡಿ ಹಲಗೆಯ ಮೇಲೆ ಬರೆಯಿರಿ. ಆ ದಿನ ಉದ್ದಿಮೆದಾರರು ತಮ್ಮ ಬರಹ ಈಗ ಎಲ್ಲಿ ಅಂಟಿದೆ, ಓದಿದವರು ಏನು ಕೇಳಿದರು ಅನ್ನುವುದನ್ನು ತರಬೇಕು. ಕತೆಗಾರರು ಕಥೆಯನ್ನು ಯಾವ ಪತ್ರಿಕೆಗೆ, ಯಾವ ತಾರೀಖಿನಂದು ಕಳುಹಿಸಿದರು ಎಂದು ಬರೆದುಕೊಂಡ ಚೀಟಿ ತರಬೇಕು. ಕಳುಹಿಸದೆ ಬಂದವರಿದ್ದರೆ ಅಲ್ಲೇ ಕೂತು ಲಕೋಟೆಯ ಮೇಲೆ ವಿಳಾಸ ಬರೆಯಲಿ, ಅಂಟು ಮೇಜಿನ ಮೇಲಿರಲಿ.